ಕಿಲೋಮೀಟರಿಗೆ ಒಂದೇ ರೂಪಾಯಿ ಅನ್ನುತ್ತಾರಲ್ಲ, ಅದು ಯಾರ ಮನೆ ಲೆಕ್ಕ?

ಪ್ರಶ್ನೆ: ಸರ್, ನಮ್ಮ ಮನೆ ಮಂಡ್ಯದಲ್ಲಿದೆ. ನನಗೆ ಮೈಸೂರಿನ ಕಾಲೇಜೊಂದರಲ್ಲಿ ಕೆಲಸ. ಹೋಗಿ ಬರಲು ದಿನಕ್ಕೆ ಹತ್ತಿರ ಹತ್ತಿರ 90 ಕಿಲೋಮೀಟರ್ ಆಗುತ್ತದೆ. ಈಗ ಸ್ವಂತ ಕಾರು ತೆಗೆದುಕೊಳ್ಳೋಣ ಅಂತ ನಾನು, ನಮ್ಮ ಮನೆಯವರು ಯೋಚಿಸುತ್ತಿದ್ದೇವೆ. ನಾವು ನೋಡಿರುವ ಪೆಟ್ರೋಲ್ ಗಾಡಿಗಿಂತ ಅದೇ ಅಳತೆಯ ಎಲೆಕ್ಟ್ರಿಕ್ ಗಾಡಿಗೆ ಆನ್‌ರೋಡ್ 3 ಲಕ್ಷ ಜಾಸ್ತಿ. ಶೋರೂಮಿನವರು ‘ಕಿಲೋಮೀಟರಿಗೆ ಒಂದೇ ರೂಪಾಯಿ ಮೇಡಂ’ ಅನ್ನುತ್ತಾರೆ. ನಮ್ಮ ಭಾವ ‘ಅದೆಲ್ಲ ಬೊಗಳೆ, ಬ್ಯಾಟರಿ ಹೋದ ದಿನ ಗೊತ್ತಾಗುತ್ತೆ’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ತಿಂಗಳಿಗೆ 110 ಯೂನಿಟ್ ಆಸುಪಾಸು ಕರೆಂಟ್ ಖರ್ಚಾಗುತ್ತದೆ, ಗೃಹಜ್ಯೋತಿ ಇರುವುದರಿಂದ ಬಿಲ್ ಸೊನ್ನೆ. ಕಾಂಪೌಂಡ್ ಒಳಗೆ ಕಾರು ನಿಲ್ಲಿಸಲು ಜಾಗ ಇದೆ. ನಿಜವಾಗಿ ಯಾವುದು ಕಡಿಮೆ ಖರ್ಚು?

ಉತ್ತರ: ಮೇಡಂ, ಮೊದಲು ಉತ್ತರ ಹೇಳಿಬಿಡುತ್ತೇನೆ, ಲೆಕ್ಕ ಆಮೇಲೆ. ನಿಮ್ಮ ಓಡಾಟಕ್ಕೆ ಎಲೆಕ್ಟ್ರಿಕ್ ಗಾಡಿಯೇ ಕಡಿಮೆ ಖರ್ಚು. ಆದರೆ ಕಿಲೋಮೀಟರಿಗೆ ಒಂದು ರೂಪಾಯಿ ಅಲ್ಲ, ಹತ್ತಿರ ಹತ್ತಿರ ಎರಡು ರೂಪಾಯಿ ಬೀಳುತ್ತದೆ. ಆ ಇನ್ನೊಂದು ರೂಪಾಯಿ ಕಾರಿನಿಂದ ಬರುವುದಲ್ಲ, ನಿಮ್ಮ ಗೃಹಜ್ಯೋತಿಯಿಂದ ಬರುವುದು. ಶೋರೂಮಿನವರು ಅದನ್ನು ಹೇಳುವುದಿಲ್ಲ. ಪಾಪ, ಅವರಿಗೂ ನಿಮ್ಮ ಮೀಟರ್ ಗೊತ್ತಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಲೆಕ್ಕ ಪ್ರಾಮಾಣಿಕ ಆಗುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ಇಲ್ಲ. ಅಂದರೆ ಕಿಲೋಮೀಟರಿಗೆ ಸೊನ್ನೆ ರೂಪಾಯಿಯ ಗಾಡಿ ನಿಮ್ಮ ಬಳಿ ಆಗಲೇ ಇದೆ! ರೈಲಿನ ತಿಂಗಳ ಪಾಸ್ ಕೂಡ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಯಾವ ಕಾರು ತಂದರೂ ಅದರ ಮುಂದೆ ದುಬಾರಿಯೇ. ಆದರೂ ಬೆಳಗಿನ ಬಸ್ಸಿನಲ್ಲಿ ನಿಂತು ಹೋಗಿ, ಮೂರು ಪಿರಿಯಡ್ ನಿಂತು ಪಾಠ ಮಾಡಿ, ಮತ್ತೆ ನಿಂತುಕೊಂಡೇ ವಾಪಸ್ ಬರುವುದು ಏನು ಅಂತ ನನಗೆ ಗೊತ್ತು. ಕಾರು ಬೇಕು ಅಂತ ನೀವು ತೀರ್ಮಾನ ಮಾಡಿದ್ದೀರಿ, ಹಾಗಾಗಿ ಎರಡು ಕಾರುಗಳನ್ನು ಮಾತ್ರ ಅಕ್ಕಪಕ್ಕ ಇಡೋಣ.

ದಿನಕ್ಕೆ 90 ಕಿ.ಮೀ., ಕೆಲಸದ ದಿನಗಳು, ಮೇಲೆ ಮದುವೆ ಮುಂಜಿ, ನೆಂಟರ ಮನೆ, ಎಲ್ಲ ಸೇರಿ ತಿಂಗಳಿಗೆ 2,000 ಕಿ.ಮೀ. ಅಂತ ಹಿಡಿಯೋಣ. ಸ್ವಲ್ಪ ಹೆಚ್ಚುಕಮ್ಮಿ ಆದರೂ ತೀರ್ಮಾನ ಬದಲಾಗುವುದಿಲ್ಲ.

ಪೆಟ್ರೋಲ್ ಲೆಕ್ಕ ಸುಲಭ. ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಳ್ಳಿ, ನಿಮ್ಮ ಬಂಕಿನ ಇವತ್ತಿನ ದರ ಬೇರೆ ಇದ್ದರೆ ಅದನ್ನೇ ಹಾಕಿ. ಕಂಪನಿಯವರು ಪತ್ರಿಕೆಯಲ್ಲಿ 20 ಅಂತ ಹಾಕಿರುವ ಮೈಲೇಜ್ ಹಿಡಿಯಬೇಡಿ. ನಿಮ್ಮ ದಾರಿಯಲ್ಲಿ ಬಹುಪಾಲು ಹೆದ್ದಾರಿ, ಕೊನೆಗೆ ಮೈಸೂರಿನ ಸಿಗ್ನಲ್‌ಗಳು, ಎಸಿ ಹಾಕಿಕೊಂಡರೆ 16 ಬರುತ್ತದೆ ಅಂತ ಹಿಡಿಯುವುದು ನ್ಯಾಯ. 2,000 ಕಿ.ಮೀ.ಗೆ 125 ಲೀಟರ್, ಅಂದರೆ 12,875 ರೂಪಾಯಿ. ಕಿಲೋಮೀಟರಿಗೆ 6 ರೂಪಾಯಿ 44 ಪೈಸೆ. ಅದೇ ಗಾಡಿ ಮೈಸೂರಿನ ಒಳಗೇ ಸುತ್ತಿದರೆ 12, 13ಕ್ಕೆ ಇಳಿಯುತ್ತದೆ, ಆಗ 8 ರೂಪಾಯಿ.

ಈಗ ಸಿಗುವ ಪೆಟ್ರೋಲಿನಲ್ಲಿ ಐದರಲ್ಲಿ ಒಂದು ಪಾಲು ಎಥನಾಲ್ ಇದೆ ಅನ್ನುವುದನ್ನೂ ನೆನಪಿಡಿ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗ ಅಷ್ಟೇ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ 20 ಬೆರೆಸಿದ ಲೀಟರಿನಲ್ಲಿ ಶೇ 6, 7ರಷ್ಟು ಶಕ್ತಿ ಕಡಿಮೆ. ಮಂಡ್ಯದವರಾಗಿ ಎಥನಾಲ್ ಬೇಡ ಅನ್ನಲು ಬಾಯಿ ಬರುವುದಿಲ್ಲ ಬಿಡಿ, ಕಬ್ಬು ನಮ್ಮದೇ. ಆದರೆ ‘ಯಾಕೋ ಗಾಡಿ ಮೈಲೇಜ್ ಕೊಡುತ್ತಿಲ್ಲ’ ಅಂತ ಮೆಕ್ಯಾನಿಕ್ ಹತ್ತಿರ ಜಗಳ ಆಡುವ ಮುಂಚೆ ಇದು ಗೊತ್ತಿರಲಿ.

ಈಗ ಎಲೆಕ್ಟ್ರಿಕ್. ಇಲ್ಲಿ ಜನ ಮೊದಲು ಎಡವುವುದು ಡ್ಯಾಶ್‌ಬೋರ್ಡಿನ ಮುಂದೆ. ಗಾಡಿಯ ಪರದೆ ‘ಯೂನಿಟ್‌ಗೆ 7 ಕಿ.ಮೀ.’ ಅಂತ ತೋರಿಸುತ್ತದೆ. ಅದು ಬ್ಯಾಟರಿಯಿಂದ ಹೊರಬಂದ ಕರೆಂಟಿನ ಲೆಕ್ಕ. ನೀವು ದುಡ್ಡು ಕೊಡುವುದು ಗೋಡೆಯ ಮೀಟರ್ ಲೆಕ್ಕಕ್ಕೆ. ಮನೆಗೆ ಬರುವ ಎಸಿ (ದಿಕ್ಕು ಬದಲಿಸುತ್ತಿರುವ) ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ (ಒಂದೇ ದಿಕ್ಕಿನ) ಕರೆಂಟ್ ಮಾಡುವಾಗ, ವೈರ್ ಬಿಸಿಯಾಗುವಾಗ, ಗಾಡಿಯ ಕಂಪ್ಯೂಟರ್ ಎಚ್ಚರ ಇರುವಾಗ, ಹೀಗೆ ದಾರಿಯಲ್ಲೇ ಶೇ 10ರಿಂದ 15 ಸೋರಿಹೋಗುತ್ತದೆ. ಹಾಗಾಗಿ ಪರದೆ 7 ಅಂದರೆ ಮೀಟರ್‌ನಲ್ಲಿ 6. ಯಾವಾಗಲೂ ಮೀಟರ್‌ನದ್ದೇ ಹಿಡಿಯಿರಿ. 2,000 ಕಿ.ಮೀ.ಗೆ 333 ಯೂನಿಟ್.

ನಮ್ಮ ಕಡೆ ಕರೆಂಟ್ ಕೊಡುವುದು ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ), ದರ ನಿಗದಿ ಮಾಡುವುದು ಕೆಇಆರ್‌ಸಿ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ). ಮನೆ ಬಳಕೆಗೆ ಈಗ ಹಿಂದಿನ ಥರ ಹಲವು ಹಂತದ ದರ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ. ಮೂಲ ದರದ ಮೇಲೆ ಶೇ 9 ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿಸಿ ಲೆಕ್ಕ ಸುಲಭವಾಗಲಿ ಅಂತ ಯೂನಿಟ್‌ಗೆ 7 ರೂಪಾಯಿ ಅಂತ ಇಡುತ್ತೇನೆ. 333 ಯೂನಿಟ್‌ಗೆ 2,331 ರೂಪಾಯಿ, ಕಿಲೋಮೀಟರಿಗೆ 1 ರೂಪಾಯಿ 17 ಪೈಸೆ. ಶೋರೂಮಿನವರ ‘ಒಂದು ರೂಪಾಯಿ’ ಬಂದಿರುವುದು ಇಲ್ಲಿಂದ. ಸುಳ್ಳಲ್ಲ. ಆದರೆ ಅದು ಮೊದಲಿನಿಂದಲೂ ಪೂರ್ತಿ ಬಿಲ್ ಕಟ್ಟುತ್ತಿರುವ ಮನೆಯ ಲೆಕ್ಕ. ನಿಮ್ಮದಲ್ಲ.

ಗೃಹಜ್ಯೋತಿಯ ನಿಯಮ ಒಮ್ಮೆ ನೆನಪು ಮಾಡಿಕೊಳ್ಳಿ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ, ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿ, ಆದರೆ 200ರ ಒಳಗಿದ್ದರೆ, ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಮೊದಲ ಯೂನಿಟ್‌ನಿಂದ, ಸ್ಥಿರ ಶುಲ್ಕದ ಸಮೇತ. ಈ ಕೊನೆಯ ಸಾಲೇ ನಿಮಗೆ ತಾಗುವುದು.

ನಿಮ್ಮ ಮನೆಯ 110, ಕಾರಿನ 333, ಒಟ್ಟು 443 ಯೂನಿಟ್. 200 ಎಲ್ಲಿಯೋ ಹಿಂದೆ ಉಳಿಯಿತು. 443ಕ್ಕೆ 7ರಂತೆ 3,101 ರೂಪಾಯಿ. ಮೇಲೆ ಸ್ಥಿರ ಶುಲ್ಕ, ಅದು ಮಂಜೂರಾದ ಲೋಡ್ ಮೇಲೆ, ಅಂದರೆ ಒಂದೇ ಹೊತ್ತಿಗೆ ಎಷ್ಟು ಕರೆಂಟ್ ಎಳೆಯಬಹುದು ಅಂತ ಸೆಸ್ಕ್ ಒಪ್ಪಿದೆಯೋ ಅದರ ಮೇಲೆ ಬೀಳುತ್ತದೆ. 5 ಕಿಲೋವ್ಯಾಟ್ ಲೋಡ್ ಅಂದರೆ 700 ರೂಪಾಯಿ ಆಸುಪಾಸು. ಒಟ್ಟು 3,800. ಹೋದ ತಿಂಗಳು ಸೊನ್ನೆ ಇದ್ದ ಬಿಲ್ ಈ ತಿಂಗಳು 3,800 ಬಂದರೆ, ಆ 3,800 ಪೂರ್ತಿ ಕಾರಿನ ಖರ್ಚೇ ತಾನೆ? ಫ್ರಿಜ್, ಫ್ಯಾನ್ ಮೊದಲಿನಷ್ಟೇ ಓಡುತ್ತಿವೆ. ಹೊಸದಾಗಿ ಬಂದಿರುವುದು ಕಾರು ಒಂದೇ. ಹಾಗಾಗಿ ಕಿಲೋಮೀಟರಿಗೆ 1 ರೂಪಾಯಿ 90 ಪೈಸೆ.

ಇಷ್ಟಾದರೂ ಪೆಟ್ರೋಲಿನ 12,875ರ ಮುಂದೆ 3,800 ಇಟ್ಟರೆ ತಿಂಗಳಿಗೆ 9,000 ರೂಪಾಯಿ ಉಳಿಯುತ್ತದೆ. ವರ್ಷಕ್ಕೆ 1 ಲಕ್ಷ ದಾಟುತ್ತದೆ.

ಇದನ್ನು ಇನ್ನೂ ಇಳಿಸಬಹುದು. ಇವಿ, ಅಂದರೆ ಎಲೆಕ್ಟ್ರಿಕ್ ಗಾಡಿ, ಚಾರ್ಜಿಂಗ್‌ಗೆ ಅಂತಲೇ ಕೆಇಆರ್‌ಸಿ ಬೇರೆ ದರ ವರ್ಗ ಇಟ್ಟಿದೆ. ನಿಮ್ಮ ಸೆಸ್ಕ್ ಉಪವಿಭಾಗದ ಕಚೇರಿಗೆ ಹೋಗಿ ‘ಕಾರ್ ಚಾರ್ಜಿಂಗ್‌ಗೆ ಪ್ರತ್ಯೇಕ ಮೀಟರ್ ಬೇಕು’ ಅಂತ ಕೇಳಿ. ಅದು ಆದರೆ ಮನೆ ಮೀಟರ್ ತನ್ನ 110 ಯೂನಿಟ್‌ನಲ್ಲೇ ಇರುತ್ತದೆ, ಸೊನ್ನೆ ಬಿಲ್ ಸೊನ್ನೆಯಾಗಿಯೇ ಬರುತ್ತದೆ. ಎರಡನೇ ಮೀಟರಿಗೆ ಠೇವಣಿ, ವೈರಿಂಗ್, ಅದರದ್ದೇ ಸ್ಥಿರ ಶುಲ್ಕ ಎಲ್ಲ ಇರುತ್ತದೆ. ಅದನ್ನೆಲ್ಲ ಬರೆಸಿಕೊಂಡು ನಿಮ್ಮ ಮನೆಯ 110 ಯೂನಿಟ್‌ನ 770, ಸ್ಥಿರ ಶುಲ್ಕದ 700, ಒಟ್ಟು 1,470 ರೂಪಾಯಿ ಉಳಿತಾಯದ ಎದುರು ಇಟ್ಟು ನೋಡಿ. ತಿಂಗಳಿಗೆ 300 ಯೂನಿಟ್ ದಾಟುವ ನಿಮ್ಮಂಥವರು ಕೇಳಿ ನೋಡಲೇಬೇಕು. ತಿಂಗಳಿಗೆ 60, 70 ಯೂನಿಟ್ ಮಾತ್ರ ಹಾಕುವವರಿಗೆ ಆ ಓಡಾಟ ಬೇಡ.

ಸೋಲಾರ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೆರಡು ಸಾಲು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಬರುತ್ತದೆ ಅಂದರೆ ತಿಂಗಳಿಗೆ 350ರ ಹತ್ತಿರ, ನಿಮ್ಮ ಕಾರಿಗೆ ಸರಿಯಾಗಿ ಸಾಕು. ಆದರೆ ನಿಮ್ಮ ಕಾರು ಹಗಲಲ್ಲಿ ಮೈಸೂರಿನಲ್ಲಿರುತ್ತದೆ, ಬಿಸಿಲು ಮಂಡ್ಯದ ತಾರಸಿ ಮೇಲಿರುತ್ತದೆ. ನೆಟ್ ಮೀಟರ್, ಅಂದರೆ ಹಗಲು ನೀವು ಸೆಸ್ಕ್‌ಗೆ ಕೊಟ್ಟ ಕರೆಂಟನ್ನು ರಾತ್ರಿ ಬಳಸಿದ್ದರಲ್ಲಿ ಕಳೆಯುವ ಮೀಟರ್, ಇಲ್ಲದೆ ಲೆಕ್ಕ ಕೂಡುವುದಿಲ್ಲ. ಮೊದಲು ಕಾರು ತನ್ನಿ, ಆರು ತಿಂಗಳ ಬಿಲ್ ನೋಡಿ, ಆಮೇಲೆ ಸೋಲಾರ್ ಯೋಚನೆ ಮಾಡಿ.

ಸಾರ್ವಜನಿಕ ಚಾರ್ಜರ್ ವಿಷಯಕ್ಕೆ ಬರೋಣ. ಹೆದ್ದಾರಿ ಪಕ್ಕದ ಫಾಸ್ಟ್ ಚಾರ್ಜರ್‌ಗಳಲ್ಲಿ ಶೇ 18 ಜಿಎಸ್‌ಟಿ ಸೇರಿ ಯೂನಿಟ್‌ಗೆ 20 ರೂಪಾಯಿಯ ಮೇಲೆ ಕೆಳಗೆ ಇರುತ್ತದೆ. 22 ಅಂತ ಹಿಡಿದರೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ. ಪೆಟ್ರೋಲಿಗಿಂತ ಕಡಿಮೆಯೇ, ಆದರೆ ಮನೆ ಕರೆಂಟಿನ ಸುಖ ಇಲ್ಲ, ಮೇಲೆ ಮುಕ್ಕಾಲು ಗಂಟೆ ಕಾಯಬೇಕು. ನಿಮಗೆ ಇದು ಊಟಿಗೋ ಮಡಿಕೇರಿಗೋ ಹೋದಾಗ ಮಾತ್ರ ಬೇಕಾಗುವುದು. ಊಟಿಗೆ ಹೋಗುವಾಗ ಒಂದು ಎಚ್ಚರ: ಗುಂಡ್ಲುಪೇಟೆಯ ಹತ್ತಿರ ಎಲ್ಲಾದರೂ ಚಾರ್ಜಿಂಗ್ ಸಾಲಿನಲ್ಲಿ ಸಿಕ್ಕಿಕೊಂಡರೆ ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಹಾಕಿಬಿಡುತ್ತಾರೆ, ಬೆಳಿಗ್ಗೆ 6ಕ್ಕೇ ತೆರೆಯುವುದು. ಮೈಸೂರಿನಲ್ಲೇ ತುಂಬಿಸಿಕೊಂಡು ಹೊರಡುವುದು ವಾಸಿ. ಮನೆ ಹತ್ತಿರ ಪ್ಲಗ್ ಇಲ್ಲದವರು, ಅಂದರೆ ಮೈಸೂರಿನ ಹಳೇ ಅಗ್ರಹಾರ, ವಠಾರಗಳಲ್ಲಿದ್ದು ರಸ್ತೆಯಲ್ಲೇ ಗಾಡಿ ನಿಲ್ಲಿಸುವವರು, ಪೂರ್ತಿ ಇದನ್ನೇ ನಂಬಿ ಎಲೆಕ್ಟ್ರಿಕ್ ತರಬೇಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ದುಡ್ಡಿಗಿಂತ ಮೊದಲು ತಾಳ್ಮೆ ಖರ್ಚಾಗುತ್ತದೆ.

ಇನ್ನು ಸರ್ವೀಸ್. ‘ಎಂಜಿನ್ನೇ ಇಲ್ಲ, ಸರ್ವೀಸ್ ಖರ್ಚೇ ಇಲ್ಲ’ ಅಂತ ಒಂದು ಮಾತಿದೆ. ಅರ್ಧ ನಿಜ. ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಬ್ರೇಕ್ ಪ್ಯಾಡ್ ತುಂಬಾ ಬಾಳುತ್ತದೆ, ಯಾಕೆಂದರೆ ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಗಾಡಿಯನ್ನು ನಿಧಾನ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ಹಾಕುತ್ತದೆ. ಚಾಮುಂಡಿ ಬೆಟ್ಟಕ್ಕೆ ಹೋದಾಗ ಇದನ್ನು ಪರದೆಯ ಮೇಲೇ ನೋಡಬಹುದು. ಊರಿನಿಂದ ಬೆಟ್ಟದ ತುದಿಗೆ ಸುಮಾರು 300 ಮೀಟರ್ ಎತ್ತರ. ಒಂದೂವರೆ ಟನ್ ಗಾಡಿಯನ್ನು ಅಷ್ಟು ಎತ್ತಲು ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು, ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಅದೇ ಶಕ್ತಿ ಬ್ರೇಕ್ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ನಿಮ್ಮ ಓಡಾಟಕ್ಕೆ ಪೆಟ್ರೋಲ್ ಗಾಡಿ ವರ್ಷಕ್ಕೆ ಎರಡು ಸಲ ಸರ್ವೀಸ್‌ಗೆ ಹೋಗುತ್ತದೆ, ಎಲೆಕ್ಟ್ರಿಕ್‌ಗೆ ಅದರ ಅರ್ಧದಷ್ಟೂ ಬಿಲ್ ಆಗುವುದಿಲ್ಲ. ವರ್ಷಕ್ಕೆ ಎಂಟು, ಹತ್ತು ಸಾವಿರ ಉಳಿಯಬಹುದು.

ಆದರೆ ಆ ಉಳಿದದ್ದನ್ನು ಬೇರೆ ಇಬ್ಬರು ತಿಂದುಬಿಡುತ್ತಾರೆ. ಒಂದು ಟೈರ್. ಬ್ಯಾಟರಿಯಿಂದಾಗಿ ಗಾಡಿ ಭಾರ, ಜೊತೆಗೆ ಮೋಟಾರ್ ಒತ್ತಿದ ತಕ್ಷಣ ಪೂರ್ತಿ ಎಳೆತ ಕೊಡುತ್ತದೆ. ಸಿಗ್ನಲ್‌ನಲ್ಲಿ ರುಮ್ಮಂತ ಹೊರಡುವವರಿಗೆ ಟೈರ್ ಬೇಗ ಸವೆಯುತ್ತದೆ. ಎರಡನೆಯದು ಇನ್ಶೂರೆನ್ಸ್, ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ‘ಇವಿಗೆ ಥರ್ಡ್ ಪಾರ್ಟಿಯಲ್ಲಿ ಶೇ 15 ರಿಯಾಯಿತಿ’ ಅಂತ ಎಲ್ಲರೂ ಹೇಳುತ್ತಾರೆ, ಮುಂದಿನದ್ದು ಯಾರೂ ಹೇಳುವುದಿಲ್ಲ.

ಥರ್ಡ್ ಪಾರ್ಟಿ ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಕಟ್ಟುವ ವಿಮೆ. ಅದರ ಪ್ರೀಮಿಯಂ ಪೆಟ್ರೋಲ್ ಗಾಡಿಗೆ ಎಂಜಿನ್ ಸಿಸಿ ಮೇಲೆ, ಎಲೆಕ್ಟ್ರಿಕ್‌ಗೆ ಮೋಟಾರಿನ ಕಿಲೋವ್ಯಾಟ್ ಮೇಲೆ. 2022ರ ಜೂನ್‌ನಲ್ಲಿ ಬಂದ ದರಪಟ್ಟಿಯಲ್ಲಿ 1,000ದಿಂದ 1,500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಎಲೆಕ್ಟ್ರಿಕ್‌ನಲ್ಲಿ 30ರಿಂದ 65 ಕಿಲೋವ್ಯಾಟ್‌ಗೆ 2,904, ಅದಕ್ಕಿಂತ ಮೇಲೆ 6,712. ಟಿಯಾಗೊ ಇವಿ, ಕಾಮೆಟ್ ಥರದ ಸಣ್ಣ ಗಾಡಿಗಳು 65ರ ಒಳಗೇ ಇವೆ, ಅವಕ್ಕೆ ನಿಜವಾಗಿಯೂ ರಿಯಾಯಿತಿ. ನೆಕ್ಸಾನ್ ಇವಿ, ವಿಂಡ್ಸರ್ ಥರದವು 65 ದಾಟುತ್ತವೆ. ಆಗ 1,200 ಸಿಸಿ ಪೆಟ್ರೋಲ್ ನೆಕ್ಸಾನ್‌ಗೆ 3,416 ಕಟ್ಟುವ ಕಡೆ ಎಲೆಕ್ಟ್ರಿಕ್ ನೆಕ್ಸಾನ್‌ಗೆ 6,712. ರಿಯಾಯಿತಿ ಕೊಟ್ಟ ಮೇಲೂ ಹತ್ತಿರ ಹತ್ತಿರ ಎರಡರಷ್ಟು! ಅದರ ಮೇಲೆ ನಿಮ್ಮ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂ ಗಾಡಿಯ ಬೆಲೆ ಮೇಲೆ ನಿಂತಿರುತ್ತದೆ, 3 ಲಕ್ಷ ಜಾಸ್ತಿ ಕೊಟ್ಟ ಗಾಡಿಗೆ ಅದೂ ಜಾಸ್ತಿ. ಹಾಗಾಗಿ ನನ್ನ ಸಲಹೆ: ಸರ್ವೀಸ್ ಉಳಿತಾಯ ಒಂದು ಕಡೆ, ಟೈರ್ ಮತ್ತು ಇನ್ಶೂರೆನ್ಸ್ ಇನ್ನೊಂದು ಕಡೆ, ಎರಡೂ ಸರಿಹೋಯಿತು ಅಂತ ಗೆರೆ ಹೊಡೆದುಬಿಡಿ. ಉಳಿಯುವುದು ಇಂಧನದ ಲೆಕ್ಕ ಒಂದೇ.

ಟೋಲ್ ಎರಡಕ್ಕೂ ಒಂದೇ. ಗಣಂಗೂರಿನಲ್ಲಿ ನಿಮ್ಮ ಕಾರಿನಲ್ಲಿ ಏನು ತುಂಬಿದೆ ಅಂತ ಯಾರೂ ಕೇಳುವುದಿಲ್ಲ. 2025ರ ಆಗಸ್ಟ್ 15ರಂದು ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಆಗ 3,000 ರೂಪಾಯಿಗೆ 200 ಸಲ ದಾಟಲು ಇತ್ತು. ದಿನಾ ಎರಡು ಸಲ ದಾಟುವ ನಿಮಗೆ ಹೆಸರಿಗೆ ವರ್ಷದ ಪಾಸ್, ಬರುವುದು ನಾಲ್ಕು ತಿಂಗಳು. ಆದರೂ ಬಿಡಿ ಬಿಡಿಯಾಗಿ ಕಟ್ಟುವುದಕ್ಕಿಂತ ವಾಸಿ.

ಸರಿ, 3 ಲಕ್ಷದ ಪ್ರಶ್ನೆ. ಆ ಹೆಚ್ಚುವರಿ 3 ಲಕ್ಷವನ್ನು ಬ್ಯಾಂಕಿನಿಂದ ಶೇ 9ರ ಬಡ್ಡಿಗೆ 5 ವರ್ಷಕ್ಕೆ ತಂದಿದ್ದೀರಿ ಅಂತ ಭಾವಿಸಿ. ಅದೊಂದಕ್ಕೇ ಇಎಂಐ 6,230 ರೂಪಾಯಿ ಆಗುತ್ತದೆ. ಪೆಟ್ರೋಲಿನಲ್ಲಿ ಉಳಿಯುವುದು 9,000. ಅಂದರೆ ಮೊದಲ ತಿಂಗಳಿಂದಲೇ ನಿಮ್ಮ ಕೈಯಲ್ಲಿ ಎರಡೂವರೆ ಸಾವಿರ ಚಿಲ್ಲರೆ ಮಿಗುತ್ತದೆ, ಸಾಲ ತೀರಿದ ಮೇಲೆ ಪೂರ್ತಿ 9,000 ನಿಮ್ಮದು. ನಿಮ್ಮ ಪ್ರಶ್ನೆಗೆ ಇದೇ ಉತ್ತರ.

ಆದರೆ ಈ ಉತ್ತರವನ್ನು ನಿಮ್ಮ ಪಕ್ಕದ ಮನೆಯವರಿಗೆ ಹೇಳಬೇಡಿ. ಅವರು ಭಾನುವಾರ ದೇವಸ್ಥಾನಕ್ಕೆ, ವಾರದಲ್ಲಿ ಎರಡು ಸಲ ಮಾರ್ಕೆಟ್ಟಿಗೆ ಮಾತ್ರ ಕಾರು ತೆಗೆಯುವವರಾದರೆ ಲೆಕ್ಕ ತಲೆಕೆಳಗು. ತಿಂಗಳಿಗೆ 500 ಕಿ.ಮೀ. ಅಂತ ಹಿಡಿಯಿರಿ. ಊರೊಳಗಿನ ಓಡಾಟ, ಪೆಟ್ರೋಲಿಗೆ 13ರ ಮೈಲೇಜಿನಲ್ಲಿ 4,000 ರೂಪಾಯಿ. ಎಲೆಕ್ಟ್ರಿಕ್‌ಗೆ 80 ಯೂನಿಟ್. ತಮಾಷೆ ಅಂದರೆ, ಮನೆ ಬಳಕೆ 110 ಇದ್ದರೆ ಒಟ್ಟು 190, 200ರ ಒಳಗೇ ಇರುತ್ತದೆ. ಗೃಹಜ್ಯೋತಿ ಹೋಗುವುದಿಲ್ಲ, ಮಿತಿ ದಾಟಿದಷ್ಟಕ್ಕೆ 500 ರೂಪಾಯಿ ಆಸುಪಾಸು ಕಟ್ಟಿದರಾಯಿತು. ಅವರಿಗೆ ಮಾತ್ರ ಆ ‘ಕಿಲೋಮೀಟರಿಗೆ ಒಂದು ರೂಪಾಯಿ’ ನಿಜವಾಗಿಯೂ ಸಿಗುತ್ತದೆ. ಆದರೆ ಉಳಿಯುವುದು ತಿಂಗಳಿಗೆ 3,500, ಇಎಂಐ 6,230. ಒಂದು ರೂಪಾಯಿಯ ಕಿಲೋಮೀಟರ್ ಸಿಕ್ಕವರಿಗೆ ನಷ್ಟ, ಎರಡು ರೂಪಾಯಿಯ ಕಿಲೋಮೀಟರ್ ಸಿಕ್ಕ ನಿಮಗೆ ಲಾಭ. ಕಿಲೋಮೀಟರಿನ ದರ ನೋಡಿ ಕಾರು ಆರಿಸಬಾರದು, ತಿಂಗಳಿಗೆ ಎಷ್ಟು ಕಿಲೋಮೀಟರ್ ಅಂತ ನೋಡಬೇಕು ಅಂತ ನಾನು ಬಂದವರಿಗೆಲ್ಲ ಹೇಳುವುದು ಇದಕ್ಕೇ.

ಗೆರೆ ಎಲ್ಲಿ ಬೀಳುತ್ತದೆ ಅಂತ ಕೇಳಿದರೆ: ನಿಮ್ಮ ಥರದ ಓಡಾಟಕ್ಕೆ ಕಿಲೋಮೀಟರಿಗೆ ಉಳಿಯುವುದು ನಾಲ್ಕೂವರೆ ರೂಪಾಯಿ. 5 ವರ್ಷದಲ್ಲೇ 3 ಲಕ್ಷ ಮತ್ತು ಬಡ್ಡಿ ವಾಪಸ್ ಬರಬೇಕು ಅಂದರೆ ತಿಂಗಳಿಗೆ 1,400 ಕಿ.ಮೀ. ಓಡಲೇಬೇಕು. 8 ವರ್ಷ ಗಾಡಿ ಇಟ್ಟುಕೊಳ್ಳುವವರಿಗೆ 900 ಸಾಕು. ಅದಕ್ಕಿಂತ ಕಡಿಮೆ ಓಡಿಸುವವರು ಎಲೆಕ್ಟ್ರಿಕ್ ತಂದರೆ ಅದು ಇಷ್ಟಕ್ಕೆ ತಂದದ್ದು, ಉಳಿತಾಯಕ್ಕೆ ಅಲ್ಲ. ತಪ್ಪೇನಿಲ್ಲ, ಸದ್ದಿಲ್ಲದ ಗಾಡಿ ಓಡಿಸುವ ಖುಷಿಯೇ ಬೇರೆ.

ಈಗ ನಿಮ್ಮ ಭಾವನ ಮಾತು. ಅವರನ್ನು ಸುಮ್ನೆ ತಳ್ಳಿಹಾಕಬೇಡಿ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಎಲ್ಲರೂ 8 ವರ್ಷ ಅಂತ ಓದಿಕೊಳ್ಳುತ್ತಾರೆ. ವರ್ಷಕ್ಕೆ 24,000 ಓಡಿಸುವ ನಿಮಗೆ ಆರು ವರ್ಷ ಎಂಟು ತಿಂಗಳಿಗೇ ಕಿಲೋಮೀಟರ್ ಮುಗಿಯುತ್ತದೆ. ಆಮೇಲೆ ಬ್ಯಾಟರಿ ಕೈಕೊಟ್ಟರೆ ಖರ್ಚು ಲಕ್ಷಗಳಲ್ಲೇ. ಭಾವ ಹೇಳುವುದು ಅಷ್ಟರ ಮಟ್ಟಿಗೆ ಸರಿ. ಆದರೆ ಬ್ಯಾಟರಿ ಒಂದು ದಿನ ಬಲ್ಬ್ ಹೋದ ಹಾಗೆ ಹೋಗುವುದಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಸುವು ಕಳೆದುಕೊಳ್ಳುತ್ತದೆ. ಒಂದು ಸಲ ತುಂಬಿಸಿದರೆ ನಿಜವಾಗಿ 200 ಕಿ.ಮೀ. ಓಡುವ ಗಾಡಿ 1,60,000 ಕಿ.ಮೀ. ಮುಗಿಸಲು 800 ಸಲ ಪೂರ್ತಿ ತುಂಬಿ ಖಾಲಿಯಾದಷ್ಟು ಕೆಲಸ. ಈಗ ನಮ್ಮಲ್ಲಿ ಬರುವ ಹೆಚ್ಚಿನ ಗಾಡಿಗಳಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳು ಅದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತವೆ. ಕಸುವು ಶೇ 20 ಇಳಿದರೂ 160 ಕಿ.ಮೀ. ಓಡುತ್ತದೆ, ನಿಮಗೆ ಬೇಕಿರುವುದು 90. ಬ್ಯಾಟರಿಗೆ ನಿಜವಾದ ವೈರಿ ಬಿಸಿ, ಮತ್ತು ದಿನಾ ಫಾಸ್ಟ್ ಚಾರ್ಜ್. ಮಂಡ್ಯ, ಮೈಸೂರಿನ ಹವೆ ರಾಯಚೂರು, ಕಲಬುರಗಿಯಂಥದ್ದಲ್ಲ, ಚಾರ್ಜಿಂಗ್ ರಾತ್ರಿ ಮನೆಯಲ್ಲಿ ನಿಧಾನಕ್ಕೆ ಆಗುತ್ತದೆ. ಇದಕ್ಕಿಂತ ಒಳ್ಳೆಯ ಬಾಳು ಬ್ಯಾಟರಿಗೆ ಸಿಗುವುದು ಕಷ್ಟ.

ಭಾವನಿಗೆ ಇನ್ನೂ ಸಮಾಧಾನ ಆಗದಿದ್ದರೆ ಹೀಗೆ ಮಾಡಿ. ವಾರಂಟಿ ಮುಗಿಯುವ ಹೊತ್ತಿಗೆ ಪೆಟ್ರೋಲಿನಲ್ಲಿ ಉಳಿದದ್ದು ಒಟ್ಟು 7 ಲಕ್ಷ ಆಗಿರುತ್ತದೆ. ಅದರಲ್ಲಿ ತಿಂಗಳಿಗೆ 2,000 ತೆಗೆದು ಆರ್‌ಡಿಗೆ ಹಾಕುತ್ತಾ ಬನ್ನಿ. ಬ್ಯಾಟರಿ ಹೋದರೆ ಅದಕ್ಕೆ, ಹೋಗದಿದ್ದರೆ ನಿಮಗೆ.

ಮರುಮಾರಾಟದ ವಿಷಯದಲ್ಲಿ ಮಾತ್ರ ಪೆಟ್ರೋಲ್ ಗಾಡಿಯೇ ಮುಂದೆ. ಹಳೇ ಎಲೆಕ್ಟ್ರಿಕ್ ಕೊಳ್ಳುವವನು ಮೊದಲು ಕೇಳುವುದು ಬ್ಯಾಟರಿ ವಾರಂಟಿ ಎಷ್ಟು ಉಳಿದಿದೆ ಅಂತ. ಮೂರು ವರ್ಷಕ್ಕೊಮ್ಮೆ ಗಾಡಿ ಬದಲಾಯಿಸುವ ಚಪಲ ಇದ್ದರೆ ನನ್ನ ಮೇಲಿನ ಲೆಕ್ಕ ಮರೆತುಬಿಡಿ.

ಬ್ಯಾಟರಿ ಬಾಡಿಗೆ ಯೋಜನೆಯ ಬಗ್ಗೆ ಶೋರೂಮಿನಲ್ಲಿ ಹೇಳಿಯೇ ಹೇಳುತ್ತಾರೆ. ಗಾಡಿ ಬೆಲೆ ಕಡಿಮೆ ಕಾಣುತ್ತದೆ, ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ. 2024ರಲ್ಲಿ ವಿಂಡ್ಸರ್ ಬಂದಾಗ ಅದು ಕಿಲೋಮೀಟರಿಗೆ 3.50 ಇತ್ತು. ಅದರ ಮೇಲೆ ನಿಮ್ಮ ಕರೆಂಟಿನ 1.90 ಸೇರಿಸಿ, 5.40 ಆಯಿತು. ಪೆಟ್ರೋಲಿನ 6.44ರ ಪಕ್ಕಕ್ಕೇ ಬಂದು ನಿಂತಿತಲ್ಲ! ನಿಮ್ಮಷ್ಟು ಓಡಿಸುವವರಿಗೆ ಅದು ಸರಿಯಿಲ್ಲ.

ಗಾಡಿ ಬಂದ ಮೇಲೆ ಖರ್ಚು ನಿಮ್ಮ ಬಲಗಾಲಿನಲ್ಲಿದೆ. ಬೆಂಗಳೂರು-ಮೈಸೂರು ದಶಪಥದಲ್ಲಿ ಗಂಟೆಗೆ 100 ಕಿ.ಮೀ. ವೇಗದ ಮಿತಿ ಇದೆ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಆಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ, ಯಾಕೆಂದರೆ ಅದು ಹೇಗೂ ಇಂಧನದ ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆಯುತ್ತಿರುತ್ತದೆ. ಎಲೆಕ್ಟ್ರಿಕ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮೈಸೂರಿನ ಟ್ರಾಫಿಕ್ಕಿನಲ್ಲಿ ತೆವಳುವಾಗ ಅದು ಕೊಡುವ ಮೈಲೇಜ್ ಖಾಲಿ ಹೆದ್ದಾರಿಯಲ್ಲಿ ಕೊಡುವುದಿಲ್ಲ. ಪೆಟ್ರೋಲ್ ಗಾಡಿ ಓಡಿಸಿ ಅಭ್ಯಾಸ ಇರುವವರಿಗೆ ಇದು ಉಲ್ಟಾ ಕಾಣುತ್ತದೆ. ನಿಮ್ಮ 45 ಕಿ.ಮೀ.ಗೆ 80ರಲ್ಲಿ ಹೋದರೆ ತಡವಾಗುವುದು 7 ನಿಮಿಷ, ಅಷ್ಟೇ.

ಕೊನೆಗೆ, ಬುಕ್ಕಿಂಗ್ ದುಡ್ಡು ಕೊಡುವ ಮುಂಚೆ ಮಾಡಬೇಕಾದ್ದು. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 2 ಅಥವಾ 3 ಕಿಲೋವ್ಯಾಟ್ ಇದ್ದರೆ ಕಾರು, ಗೀಸರ್ ಎರಡೂ ಒಟ್ಟಿಗೆ ಆಗುವುದಿಲ್ಲ, ಲೋಡ್ ಜಾಸ್ತಿ ಮಾಡಿಸಿ. ಗೋಡೆ ಚಾರ್ಜರ್ ಬೇಕೇ ಬೇಕು ಅಂತೇನಿಲ್ಲ. ನಿಮಗೆ ದಿನಕ್ಕೆ ಬೇಕಾದ್ದು 15 ಯೂನಿಟ್, 15 ಆಂಪ್ ಸಾಕೆಟ್‌ನಲ್ಲಿ ಐದು ಗಂಟೆಯ ಕೆಲಸ. ರಾತ್ರಿ ಊಟ ಆದ ಮೇಲೆ ಹಾಕಿದರೆ ಬೆಳಿಗ್ಗೆ ಹಾಲು ಬರುವ ಹೊತ್ತಿಗೆ ಮುಗಿದಿರುತ್ತದೆ, ಒಂದು ರಾತ್ರಿ ಕರೆಂಟ್ ಕೈಕೊಟ್ಟರೂ ಮಾರನೇ ದಿನ ಕಾಲೇಜಿಗೆ ತೊಂದರೆ ಇಲ್ಲ. ಆದರೆ ಆ ಸಾಕೆಟ್‌ಗೆ ಮೀಟರ್ ಬೋರ್ಡಿನಿಂದ ಬೇರೆಯೇ ದಪ್ಪ ವೈರ್, ಬೇರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಹಾಕಿಸಿ; ವಾಷಿಂಗ್ ಮಷಿನ್ ಪ್ಲಗ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಕಾರಿನವರೆಗೆ ಎಳೆಯುವ ಕೆಲಸ ಮಾಡಲೇಬೇಡಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಗಾಡಿಗಳು ಚಾರ್ಜೇ ತೆಗೆದುಕೊಳ್ಳುವುದಿಲ್ಲ, ಜನ ಚಾರ್ಜರ್ ಕೆಟ್ಟಿದೆ ಅಂತ ಸರ್ವೀಸ್ ಸೆಂಟರಿಗೆ ಹೊತ್ತುಕೊಂಡು ಬರುತ್ತಾರೆ. ಹಳೇ ಮನೆ ಆದರೆ ಅರ್ಥಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಲೋಡ್‌ಗೆ, ಬೇರೆ ಮೀಟರ್‌ಗೆ ಅರ್ಜಿ ಹಾಕುವುದಿದ್ದರೆ ಗಾಡಿ ಬುಕ್ ಮಾಡಿದ ವಾರವೇ ಹಾಕಿ, ಗಾಡಿ ಮನೆಗೆ ಬಂದ ಮೇಲೆ ಓಡಾಡುವುದು ಬೇಡ. ಟೆಸ್ಟ್ ಡ್ರೈವ್‌ಗೆ ಶೋರೂಮಿನ ಸುತ್ತ ಒಂದು ಸುತ್ತು ಹಾಕಿಸಿ ಕಳಿಸಲು ನೋಡುತ್ತಾರೆ, ಒಪ್ಪಬೇಡಿ. ಮಂಡ್ಯದಿಂದ ಶ್ರೀರಂಗಪಟ್ಟಣದವರೆಗಾದರೂ ಎಸಿ ಹಾಕಿಕೊಂಡು ಹೋಗಿ ಬಂದು ಪರದೆಯಲ್ಲಿ ಯೂನಿಟ್‌ಗೆ ಎಷ್ಟು ಕಿ.ಮೀ. ಬಂತು ಅಂತ ಬರೆದುಕೊಳ್ಳಿ, ಅದರಲ್ಲಿ ಒಂದು ಕಳೆದು ನನ್ನ 6ರ ಜಾಗದಲ್ಲಿ ಹಾಕಿ.